ಬಿ.ಎಡ್. ಕಾಲೇಜಿಗೆ ದಿನಾ ಹೋಗಬೇಕಾ? ಹೋದರೆ ಅಲ್ಲಿ ಕಲಿಯೋದು ಏನಿದೆ?

ಪ್ರಶ್ನೆ: ನಾನು ರಾಣೆಬೆನ್ನೂರು ಕಡೆಯವಳು. ಬಿ.ಎಸ್ಸಿ. (ಪಿಸಿಎಂ) ಮುಗಿದಿದೆ. ಗಣಿತ ಟೀಚರ್ ಆಗಬೇಕೆಂದು ಚಿಕ್ಕಂದಿನಿಂದ ಆಸೆ. ಎರಡು ಬಿ.ಎಡ್. ಕಾಲೇಜು ವಿಚಾರಿಸಿದೆ. ಒಂದರಲ್ಲಿ ದಿನಾ ಬರಲೇಬೇಕು. ಇನ್ನೊಂದರಲ್ಲಿ ಫೀಸು ಸ್ವಲ್ಪ ಜಾಸ್ತಿ, ಆದರೆ ಪರೀಕ್ಷೆಗೆ ಬಂದರೆ ಸಾಕು, ರೆಕಾರ್ಡ್ ಕೂಡ ಬರೆಸಿಕೊಡುತ್ತೇವೆ ಎನ್ನುತ್ತಾರೆ. ಸೀನಿಯರ್‌ಗಳನ್ನು ಕೇಳಿದರೆ, ‘ಬಿ.ಎಡ್.ನಲ್ಲಿ ಪಾಠ ಯೋಜನೆ ಬರೆಯೋದು, ಚಾರ್ಟ್ ಅಂಟಿಸೋದು ಬಿಟ್ಟರೆ ಏನೂ ಇಲ್ಲ, ಆ ಟೈಮಲ್ಲಿ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದಿಕೋ’ ಎನ್ನುತ್ತಾರೆ. ಎರಡು ವರ್ಷ ಸುಮ್ನೆ ಹಾಳಾಗುತ್ತದಾ? ನಿಜಕ್ಕೂ ಅಲ್ಲಿ ಕಲಿಯೋದು ಏನಿದೆ? ನನ್ನ ತಮ್ಮ ದ್ವಿತೀಯ ಪಿಯುಸಿ, ಅವನಿಗೂ ಟೀಚರ್ ಆಗುವ ಮನಸ್ಸಿದೆ. ಅವನಿಗೆ ಏನು ಹೇಳಲಿ?

ಉತ್ತರ: ದಿನಾ ಬರಲೇಬೇಕು ಎನ್ನುವ ಕಾಲೇಜಿಗೆ ಸೇರಿ. ಎರಡನೇ ಮಾತಿಲ್ಲ.

ಮೊದಲು ನಿಯಮದ ವಿಷಯ ಹೇಳಿಬಿಡುತ್ತೇನೆ. ಶಿಕ್ಷಕ ಶಿಕ್ಷಣಕ್ಕೆ ದೇಶಕ್ಕೆಲ್ಲ ನಿಯಮ ಮಾಡುವುದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು. ಅದರ 2014ರ ನಿಯಮಾವಳಿ ಪ್ರಕಾರ ಬಿ.ಎಡ್.ಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80 ಹಾಜರಾತಿ ಬೇಕು, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ಹಾಗಾಗಿ ‘ಬರೋದೇ ಬೇಡ’ ಎನ್ನುವ ಕಾಲೇಜು ನಿಮಗೆ ಅನುಕೂಲ ಮಾಡಿಕೊಡುತ್ತಿಲ್ಲ. ನೀವು ಬಾರದ ದಿನಗಳಿಗೆ ಬಂದಂತೆ ಸುಳ್ಳು ಹಾಜರಾತಿ ಬರೆದು, ಅದಕ್ಕೆ ನಿಮ್ಮಿಂದಲೇ ಹೆಚ್ಚು ದುಡ್ಡು ತೆಗೆದುಕೊಳ್ಳುತ್ತಿದೆ. ನಾಳೆ ಎಲ್ಲಾದರೂ ದಾಖಲೆ ಪರಿಶೀಲನೆ ನಡೆದರೆ ಉತ್ತರ ಕೊಡಬೇಕಾದವರು ನೀವು.

ಆದರೆ ನಾನು ಹೋಗಿ ಎನ್ನುತ್ತಿರುವುದು ಹಾಜರಾತಿಯ ಭಯಕ್ಕಲ್ಲ.

ಬಿ.ಎಡ್. ಮೊದಲು ಒಂದೇ ವರ್ಷ ಇತ್ತು ಅಲ್ವಾ? ಅದು ಎರಡು ವರ್ಷ ಆದದ್ದು 2015ರಿಂದ. ಅದಕ್ಕೂ ಮುಂಚೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತ್ತು. ಶಿಕ್ಷಕರ ತರಬೇತಿ ದೇಶದಲ್ಲಿ ಎಷ್ಟು ಕಳಪೆಯಾಗಿದೆ ಎಂದು ಅದು ಸ್ಪಷ್ಟವಾಗಿ ಹೇಳಿತು. ಹೆಚ್ಚಾದ ವರ್ಷದ ದೊಡ್ಡ ಪಾಲು ಹೋದದ್ದು ಶಾಲೆಯ ಕೆಲಸಕ್ಕೆ. ಒಟ್ಟು 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16 (ಸೆಮಿಸ್ಟರ್‌ಗಳಿಗೆ ಹಂಚುವ ರೀತಿ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ ಇರಬಹುದು). ಅಂದರೆ ಕೋರ್ಸನ್ನು ಉದ್ದ ಮಾಡಿದ್ದೇ ನೀವು ಮಕ್ಕಳ ಮುಂದೆ ಜಾಸ್ತಿ ದಿನ ನಿಲ್ಲಲಿ, ನಿಂತಾಗ ಹಿಂದೆ ಒಬ್ಬರು ಕೂತು ನೋಡಲಿ ಎಂದು. ಪರೀಕ್ಷೆಗೆ ಮಾತ್ರ ಹೋಗುವವರು ಆ ಭಾಗವನ್ನೇ ಕಳೆದುಕೊಳ್ಳುತ್ತಾರೆ. ಉಳಿದದ್ದನ್ನು ಪುಸ್ತಕ ಓದಿ ಹೇಗೋ ಸಂಪಾದಿಸಬಹುದು, ಇದನ್ನು ಮಾತ್ರ ಆಗುವುದಿಲ್ಲ.

ಒಂದು ಪಾಠದ ಕಥೆ ಹೇಳುತ್ತೇನೆ. ಏಳನೇ ತರಗತಿ, ಸರ್ಕಾರಿ ಶಾಲೆ, ದಶಮಾಂಶ. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ನಿಮ್ಮ ಹಾಗೆಯೇ ಬಿ.ಎಸ್ಸಿ. ಮಾಡಿದವಳು, ಗಣಿತದಲ್ಲಿ ಗಟ್ಟಿ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೋರ್ಡಿನ ಮೇಲೆ 0.35 ಮತ್ತು 0.4 ಬರೆದು ‘ಯಾವುದು ದೊಡ್ಡದು?’ ಎಂದಳು. ಅರ್ಧಕ್ಕಿಂತ ಹೆಚ್ಚು ಮಕ್ಕಳು 0.35 ಎಂದರು. 35 ದೊಡ್ಡದು, 4 ಚಿಕ್ಕದು, ಅಷ್ಟೇ ಅವರ ಲೆಕ್ಕ. ಕಿಟಕಿ ಪಕ್ಕದ ಹುಡುಗನೊಬ್ಬ ಮಾತ್ರ 0.4 ಎಂದ. ‘ವೆರಿ ಗುಡ್’ ಎಂದಳು, ಚಪ್ಪಾಳೆ ತಟ್ಟಿಸಿದಳು. ಉಳಿದವರಿಗೆ ‘0.4ರ ಮುಂದೆ ಒಂದು ಸೊನ್ನೆ ಹಾಕಿ, 0.40 ಆಗುತ್ತೆ, ಈಗ 35ಕ್ಕಿಂತ 40 ದೊಡ್ಡದು’ ಎಂದು ಹೇಳಿಕೊಟ್ಟಳು. ಎಲ್ಲರೂ ಬರೆದುಕೊಂಡರು. ಪಾಠ ಮುಗಿಯಿತು.

ಪಾಠ ಆದ ಮೇಲೆ ಅವಳನ್ನೂ ಕರೆದುಕೊಂಡು ಕಿಟಕಿ ಪಕ್ಕದ ಹುಡುಗನ ಹತ್ತಿರ ಹೋದೆ. ‘0.4 ದೊಡ್ಡದು ಅಂತ ಹೇಗೆ ಗೊತ್ತಾಯ್ತಪ್ಪಾ?’ ಎಂದು ಕೇಳಿದೆ. ‘ಸರ್, ಪಾಯಿಂಟ್ ಆದ್ಮೇಲೆ ಅಂಕಿ ಕಡಿಮೆ ಇದ್ರೆ ಅದೇ ದೊಡ್ಡದು. ಹತ್ತು ಭಾಗ ಮಾಡಿದ್ರೆ ತುಂಡು ದೊಡ್ಡದು, ನೂರು ಭಾಗ ಮಾಡಿದ್ರೆ ತುಂಡು ಸಣ್ಣದು.’ ಹಾಗಾದರೆ 0.47 ಮತ್ತು 0.3ರಲ್ಲಿ ಯಾವುದು ದೊಡ್ಡದು ಎಂದೆ. ಒಂದು ಕ್ಷಣವೂ ಯೋಚಿಸದೆ ‘0.3’ ಎಂದ.

ಆ ಪ್ರಶಿಕ್ಷಣಾರ್ಥಿಯ ಮುಖ ನೋಡಬೇಕಿತ್ತು. ಚಪ್ಪಾಳೆ ಗಿಟ್ಟಿಸಿದ ಹುಡುಗನಿಗೂ ದಶಮಾಂಶ ಬಂದಿರಲಿಲ್ಲ. ತರಗತಿಯಲ್ಲಿ ಎರಡು ಬೇರೆ ಬೇರೆ ತಪ್ಪು ತಿಳಿವಳಿಕೆ ಇತ್ತು. ಒಂದು, ಬಿಂದುವಿನ ನಂತರ ಅಂಕಿ ಜಾಸ್ತಿ ಇದ್ದರೆ ದೊಡ್ಡದು ಎನ್ನುವುದು. ಇನ್ನೊಂದು, ಅಂಕಿ ಕಡಿಮೆ ಇದ್ದರೆ ದೊಡ್ಡದು ಎನ್ನುವುದು. ಅವಳು ಕೇಳಿದ ಒಂದೇ ಪ್ರಶ್ನೆಗೆ ಎರಡನೇ ತಪ್ಪಿನವರು ಸರಿ ಉತ್ತರ ಕೊಟ್ಟು ಪಾರಾಗುತ್ತಾರೆ. ಸೊನ್ನೆ ಹಾಕುವ ಉಪಾಯ ಉತ್ತರವನ್ನು ಸರಿ ಮಾಡುತ್ತದೆ, ಆದರೆ ಮೂರು ದಶಾಂಶ ಐದು ಶತಾಂಶ ಎಂದರೆ ಎಷ್ಟು ಎಂಬ ಅಂದಾಜು ಮಗುವಿಗೆ ಹುಟ್ಟುವುದಿಲ್ಲ. ಮಾರನೇ ದಿನ ಅವಳು ಹತ್ತಕ್ಕೆ ಹತ್ತು ಚೌಕದ ಹಾಳೆಗಳನ್ನು ತಂದಳು. 0.4 ಅಂದರೆ ನಾಲ್ಕು ಪೂರ್ತಿ ಕಂಬಸಾಲು, ನಲವತ್ತು ಚೌಕ. 0.35 ಅಂದರೆ ಮೂರು ಸಾಲು, ಮೇಲೆ ಐದು ಚೌಕ. ಮಕ್ಕಳೇ ಬಣ್ಣ ಹಚ್ಚಿದರು. ಆಮೇಲೆ ಅವಳು ಕೇಳಿದ ಜೋಡಿಗಳು ನೋಡಿ: 0.35 ಮತ್ತು 0.4, 0.47 ಮತ್ತು 0.3, 0.5 ಮತ್ತು 0.50. ಮೊದಲನೆಯದು ಒಂದು ತಪ್ಪನ್ನು ಹಿಡಿಯುತ್ತದೆ, ಎರಡನೆಯದು ಇನ್ನೊಂದನ್ನು, ಮೂರನೆಯದು ಎರಡನ್ನೂ. ಪ್ರತಿ ಉತ್ತರಕ್ಕೂ ‘ಯಾಕೆ?’ ಎಂದು ಕೇಳಿದಳು, ಸರಿ ಉತ್ತರಕ್ಕೂ ಕೇಳಿದಳು.

ನೀವು ಕೇಳಿದ ‘ಏನಿದೆ’ಗೆ ನನ್ನ ಉತ್ತರ ಇದು. ಗಣಿತ ನಿಮಗೆ ಬರುತ್ತದೆ. ಆದರೆ ಗಣಿತ ಬರುವುದು ಬೇರೆ, ಒಂದು ಮಗುವಿನ ತಲೆಯಲ್ಲಿ ಗಣಿತ ಈಗ ಯಾವ ರೂಪದಲ್ಲಿದೆ ಎಂದು ಕಾಣುವುದು ಬೇರೆ. ಲೀ ಶುಲ್ಮನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು 1986ರಲ್ಲಿ ಇದನ್ನೇ ಬಿಡಿಸಿ ಹೇಳಿದರು: ವಿಷಯದ ಜ್ಞಾನ ಒಂದು, ಬೋಧನಾ ಕ್ರಮದ ಜ್ಞಾನ ಒಂದು, ಇವೆರಡೂ ಸೇರಿ ಆಗುವ ಮೂರನೇ ಜ್ಞಾನ ಶಿಕ್ಷಕರಿಗೇ ವಿಶೇಷವಾದದ್ದು. ಯಾವ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ತಿಳಿಯುತ್ತದೆ, ಯಾವ ಉದಾಹರಣೆ ಗೊಂದಲ ಮಾಡುತ್ತದೆ ಎನ್ನುವುದು ಅದು. ಗಣಿತದ ಪ್ರೊಫೆಸರ್‌ಗೂ ಅದು ತಾನಾಗಿ ಬರುವುದಿಲ್ಲ.

ಸೀನಿಯರ್‌ಗಳು ಹೇಳಿದ್ದರಲ್ಲಿ ನಿಜವೂ ಇದೆ. ಎಷ್ಟೋ ಕಾಲೇಜುಗಳಲ್ಲಿ ಒಳ್ಳೆಯ ಕೆಲಸಗಳೆಲ್ಲ ರೆಕಾರ್ಡ್ ಬರೆಯುವುದಕ್ಕೇ ಮುಗಿದುಹೋಗುತ್ತವೆ. ಮೈಕ್ರೋ ಟೀಚಿಂಗನ್ನೇ ತೆಗೆದುಕೊಳ್ಳಿ. ಅದು 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ನಮ್ಮಲ್ಲಿ ರೂಢಿಯಲ್ಲಿರುವ ಎನ್‌ಸಿಇಆರ್‌ಟಿ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು) ಮಾದರಿಯಲ್ಲಿ ಒಂದು ಸುತ್ತು 36 ನಿಮಿಷ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಪಾಠವನ್ನು ತಿದ್ದಿಕೊಳ್ಳಲು, 6 ನಿಮಿಷ ಮತ್ತೆ ಅದೇ ಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವುದಾದರೆ ಪ್ರಶ್ನೆ ಕೇಳುವುದು ಮಾತ್ರ, ಕಪ್ಪು ಹಲಗೆ ಬಳಕೆಯಾದರೆ ಅದು ಮಾತ್ರ. ಇದರ ಜೀವ ಇರುವುದು ಎರಡನೇ ಪಾಠದಲ್ಲಿ. ಮಾಡಿ, ತಪ್ಪು ನೋಡಿಕೊಂಡು, ಬಿಸಿ ಆರುವ ಮುಂಚೆ ಮತ್ತೆ ಮಾಡುವುದು. ಬಹಳ ಕಡೆ ಮೊದಲ ಆರು ನಿಮಿಷ ಆದ ಮೇಲೆ ‘ಚೆನ್ನಾಗಿತ್ತು, ಮುಂದಿನವರು ಬನ್ನಿ’ ಎನ್ನುತ್ತಾರೆ. ಎರಡನೇ ಪಾಠ ರೆಕಾರ್ಡಿನಲ್ಲಿ ಮಾತ್ರ ನಡೆದಿರುತ್ತದೆ. ಹಾಗೆ ಮಾಡಿಬಂದವರಿಗೆ ಮೈಕ್ರೋ ಟೀಚಿಂಗ್ ನಾಟಕ ಅನಿಸಿದರೆ ಆಶ್ಚರ್ಯ ಏನಿದೆ?

ಸರಿಯಾಗಿ ಮಾಡಿದರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಸರಾಸರಿ ಒಂದು ಸೆಕೆಂಡ್, ಅದಕ್ಕಿಂತ ಕಡಿಮೆಯೂ ಇತ್ತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹೆಚ್ಚು ಮಕ್ಕಳು ಬಾಯಿಬಿಟ್ಟರು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು. ಮೂರು ಸೆಕೆಂಡ್ ಕೇಳಲು ಏನೂ ಅಲ್ಲ. ಆದರೆ ನಲವತ್ತು ಮಕ್ಕಳ ಮುಂದೆ ಪ್ರಶ್ನೆ ಕೇಳಿ ಸುಮ್ಮನೆ ನಿಂತು ನೋಡಿ, ಎದೆ ಹೊಡೆದುಕೊಳ್ಳುತ್ತದೆ, ನೀವೇ ಉತ್ತರ ಹೇಳಿಬಿಡುತ್ತೀರಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಗೆಳತಿಯ ಕೈಗೆ ಮೊಬೈಲ್ ಕೊಟ್ಟು ನಿಮ್ಮ ಪಾಠವನ್ನು ರೆಕಾರ್ಡ್ ಮಾಡಿಸಿ, ಕೂತು ನೋಡಿ. ನೀವು ಎಷ್ಟು ಮಾತಾಡುತ್ತೀರಿ, ಎಷ್ಟು ಕಾಯುತ್ತೀರಿ, ಬೋರ್ಡಿನ ಕಡೆ ತಿರುಗಿಕೊಂಡೇ ಎಷ್ಟು ಹೊತ್ತು ವಿವರಿಸುತ್ತೀರಿ, ಎಲ್ಲ ಕಾಣುತ್ತದೆ.

ಪಾಠ ಯೋಜನೆ ಬಗ್ಗೆಯೂ ಹೀಗೇ. ಈಗ ಹೆಚ್ಚಾಗಿ 5ಇ ಮಾದರಿ ಬರೆಸುತ್ತಾರೆ. ತೊಡಗಿಸಿಕೊಳ್ಳುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಮಾದರಿಯಲ್ಲಿ ದೋಷ ಇಲ್ಲ. ಹಳೇ ಬ್ಯಾಚಿನವರ ರೆಕಾರ್ಡ್ ಇಟ್ಟುಕೊಂಡು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುವುದರಲ್ಲಿ ದೋಷ ಇದೆ. ಕಾಲೇಜು ಎಷ್ಟು ಪಾಠ ಯೋಜನೆ ಕೇಳುತ್ತದೋ ಅಷ್ಟು ಬರೆಯಿರಿ, ಆದರೆ ಒಂದು ಕೆಲಸ ನೀವಾಗಿ ಸೇರಿಸಿ. ಎಡಗಡೆ ನೀವು ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಏನೇನು ಉತ್ತರ ಕೊಡಬಹುದು. ಸರಿ ಉತ್ತರ ಒಂದೇ ಬರೆದರೆ ಸಾಲದು, ತಪ್ಪು ಉತ್ತರ ಎರಡಾದರೂ ಬರೆಯಿರಿ, ಅದು ಬಂದರೆ ನೀವು ಮುಂದೆ ಏನು ಮಾಡುತ್ತೀರಿ ಎಂದೂ ಬರೆಯಿರಿ. ಶುರುವಿನಲ್ಲಿ ನಿಮಗೆ ಏನೂ ಹೊಳೆಯುವುದಿಲ್ಲ. ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಆ ಬಲಗಡೆ ತುಂಬುತ್ತಾ ಬಂದರೆ ನೀವು ಶಿಕ್ಷಕಿ ಆಗುತ್ತಿದ್ದೀರಿ ಎಂದೇ ಅರ್ಥ.

ಥಿಯರಿ ಪೇಪರ್‌ಗಳು ಎಲ್ಲವೂ ಒಂದೇ ತೂಕದವಲ್ಲ. ಶಿಕ್ಷಣದ ತತ್ವಶಾಸ್ತ್ರ, ಆಯೋಗಗಳ ಇತಿಹಾಸ, ಇವನ್ನು ಓದಿ, ತಿಳಿದಿರಲಿ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಹೇಳಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್ಸ್ಕಿ ಟಿಇಟಿಗೂ ಬೇಕು. ನಾನು ಜಾಸ್ತಿ ಗಮನ ಕೊಡಿ ಎನ್ನುವುದು ಎರಡಕ್ಕೆ. ಒಂದು, ಕಲಿಕೆಗಾಗಿ ಮೌಲ್ಯಮಾಪನ. ಮೇಲಿನ ದಶಮಾಂಶದ ಪ್ರಶ್ನೆ ಜೋಡಿಸುವ ಕೆಲಸ ಪೂರ್ತಿ ಆ ಪೇಪರಿನದು. ಇನ್ನೊಂದು, ಎಲ್ಲ ವಿಷಯಗಳಲ್ಲೂ ಭಾಷೆಯ ಪಾತ್ರ ಹೇಳುವ ಪೇಪರ್. ಇದನ್ನು ಭಾಷಾ ಶಿಕ್ಷಕರ ಪೇಪರ್ ಎಂದು ಗಣಿತದವರು ಬದಿಗೆ ತಳ್ಳುತ್ತಾರೆ. ಅದು ಸರಿಯಲ್ಲ. ನಮ್ಮ ರಾಜ್ಯದಲ್ಲಿ ಎಷ್ಟು ಮಕ್ಕಳು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಆಡುತ್ತಾರೆ ನೋಡಿ. ನಿಮ್ಮ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಬೀದರಿನಲ್ಲಿ ಮರಾಠಿ ಮತ್ತು ಉರ್ದು, ಕೋಲಾರದ ಕಡೆ ತೆಲುಗು, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಮನೆಯಲ್ಲಿ ಕನ್ನಡವೇ ಆಡುವ ಮಗುವಿಗೂ ‘ಲಘುತ್ತಮ ಸಾಮಾನ್ಯ ಅಪವರ್ತ್ಯ’ ಎನ್ನುವುದು ಹೊಸ ಭಾಷೆಯೇ. ‘ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದನ್ನು ಕೂಡಿಸಿದಾಗ’ ಎಂಬ ಲೆಕ್ಕದಲ್ಲಿ ಮಗು ಸೋತರೆ ಅದು ಬೀಜಗಣಿತದಲ್ಲಿ ಸೋತಿತೋ, ಆ ವಾಕ್ಯದಲ್ಲಿ ಸೋತಿತೋ? ಇದನ್ನು ಬೇರ್ಪಡಿಸಲು ಗೊತ್ತಿಲ್ಲದ ಶಿಕ್ಷಕರು ಆ ಮಗುವಿಗೆ ‘ಗಣಿತದಲ್ಲಿ ವೀಕ್’ ಎಂಬ ಹಣೆಪಟ್ಟಿ ಅಂಟಿಸಿಬಿಡುತ್ತಾರೆ. ಹತ್ತನೇ ತರಗತಿವರೆಗೂ ಅದು ಬಿಡುವುದಿಲ್ಲ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ, ಅದಕ್ಕೇ ಇಷ್ಟು ಉದ್ದ ಬರೆದೆ.

ಇನ್ನು ಇಂಟರ್ನ್‌ಶಿಪ್. ಶಿಕ್ಷಕರ ಕೊರತೆ ಇರುವ ಶಾಲೆಗೆ ನೀವು ಹೋದ ಮೊದಲ ದಿನವೇ ಮುಖ್ಯ ಶಿಕ್ಷಕರು ಖುಷಿಯಿಂದ ಪೂರ್ತಿ ವೇಳಾಪಟ್ಟಿ ನಿಮ್ಮ ಕೈಗೆ ಕೊಟ್ಟುಬಿಡಬಹುದು. ಅವರ ಕಷ್ಟ ನಿಜ, ಅವರನ್ನು ದೂರುವುದು ಬೇಡ. ಆದರೆ ದಿನಕ್ಕೆ ಐದಾರು ಪೀರಿಯಡ್ ಒಬ್ಬರೇ ಪಾಠ ಮಾಡಿ ಸುಸ್ತಾಗಿ ಮನೆಗೆ ಹೋದರೆ ಕಲಿಕೆ ಆಗುವುದಿಲ್ಲ, ಗಂಟಲು ಮಾತ್ರ ಹೋಗುತ್ತದೆ. ವಿನಯದಿಂದಲೇ ಕೇಳಿ: ‘ಸರ್, ನನ್ನ ಒಂದು ಪೀರಿಯಡ್‌ಗೆ ಗಣಿತದ ಮೇಡಂ ಬಂದು ಕೂರಲಿ. ಅವರ ಒಂದು ಪೀರಿಯಡ್‌ನಲ್ಲಿ ನಾನು ಹಿಂದೆ ಕೂರುತ್ತೇನೆ.’ ಬಹುತೇಕ ಹಿರಿಯ ಶಿಕ್ಷಕರು ಇದಕ್ಕೆ ಒಪ್ಪುತ್ತಾರೆ. ಕೂತವರಿಗೆ ಒಂದು ಕೆಲಸ ಕೊಡಿ. ತರಗತಿಯ ಆಸನದ ನಕ್ಷೆ ಬರೆದು ಅವರ ಕೈಗಿಡಿ, ನೀವು ಯಾರನ್ನು ಪ್ರಶ್ನೆ ಕೇಳಿದಿರೋ ಅಲ್ಲಿ ಗೆರೆ ಹಾಕಲು ಹೇಳಿ. ‘ಧ್ವನಿ ಚೆನ್ನಾಗಿದೆ, ಬೋಧನೋಪಕರಣ ಬಳಸಿದ್ದಾರೆ’ ಎಂಬ ಷರಾದಿಂದ ನಿಮಗೆ ಏನೂ ಸಿಗುವುದಿಲ್ಲ. ಆ ನಕ್ಷೆ ನೋಡಿದರೆ ಮುಂದಿನ ಎರಡು ಬೆಂಚಿನ ಮಕ್ಕಳನ್ನೇ ಕೇಳುತ್ತಿದ್ದೀರಿ, ಹಿಂದೆ ಎಡಗಡೆ ಕೂತ ಮೂರು ಹೆಣ್ಣುಮಕ್ಕಳನ್ನು ಒಂದು ಸಲವೂ ಕೇಳಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ.

ಒಂದೇ ತರಗತಿಯ ಜೊತೆ ಪ್ರಾರ್ಥನೆಯಿಂದ ಕೊನೆಯ ಬೆಲ್‌ವರೆಗೆ ಒಂದು ಪೂರ್ತಿ ದಿನ ಕೂರಿ. ಬೆಳಗ್ಗೆ ಚುರುಕಾಗಿದ್ದ ಮಗು ಬಿಸಿಯೂಟ ಆದ ಮೇಲಿನ ಪೀರಿಯಡ್‌ನಲ್ಲಿ ಹೇಗಿರುತ್ತದೆ ನೋಡಿ. ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಅಂಕ ತುಂಬುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಪೋಷಕರ ಜೊತೆ ಮಾತು, ಇವೆಲ್ಲ ಕೆಲಸದ ಭಾಗ, ದೂರ ನಿಲ್ಲಬೇಡಿ. ಬೋರ್ಡ್ ಕಡೆ ಕಣ್ಣು ಕಿರಿದು ಮಾಡಿ ನೋಡುವ ಮಗು ಕಂಡರೆ ಕಣ್ಣು ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ಹತ್ತಿರದಲ್ಲಿ ನಲಿಕಲಿ ತರಗತಿ ಇದ್ದರೆ, ನೀವು ಕಲಿಸುವುದು ದೊಡ್ಡ ತರಗತಿಗೇ ಆದರೂ ಹೋಗಿ ಕೂತು ಬನ್ನಿ. 1990ರ ದಶಕದಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಹಂತದ ಮಕ್ಕಳನ್ನು ಗುಂಪು ಮಾಡಿ ಕೂರಿಸಿ ನಡೆಸುವುದು ಎಷ್ಟು ಕಷ್ಟ, ನುರಿತವರು ಹೇಗೆ ನಡೆಸುತ್ತಾರೆ ಎಂದು ಅಲ್ಲಿ ಕಾಣುತ್ತದೆ. ನಿಮ್ಮ ಏಳನೇ ತರಗತಿಯಲ್ಲೂ ಮಕ್ಕಳು ಬೇರೆ ಬೇರೆ ಹಂತದಲ್ಲೇ ಇರುತ್ತಾರೆ.

ಟಿಇಟಿ ವಿಷಯಕ್ಕೆ ಬರುತ್ತೇನೆ. ಬಿ.ಎಡ್. ಮಾಡಿದವರು ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ, ಅದಕ್ಕೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು. ನಿಮ್ಮ ದಾರಿ ಆರರಿಂದ ಎಂಟು, ಇಲ್ಲವೇ ಪ್ರೌಢಶಾಲೆ. ಆರರಿಂದ ಎಂಟಕ್ಕೆ ಟಿಇಟಿಯ ಎರಡನೇ ಪತ್ರಿಕೆ ಪಾಸಾಗಬೇಕು. 150 ಅಂಕದ ಆ ಪತ್ರಿಕೆಯಲ್ಲಿ ನಿಮಗೆ ಗಣಿತ ಮತ್ತು ವಿಜ್ಞಾನ 60, ಎರಡು ಭಾಷೆಗೆ ತಲಾ 30, ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ 30. ಗಣಿತ, ವಿಜ್ಞಾನ, ಭಾಷೆ ಭಾಗಗಳಲ್ಲೂ ಬೋಧನಾ ವಿಧಾನದ ಪ್ರಶ್ನೆ ಬರುತ್ತವೆ. ಅಂದರೆ ಕಾಲೇಜಿನಲ್ಲಿ ಹಗಲು ಕಲಿಯುವುದೇ ಅಲ್ಲಿ ಕೇಳುವುದು. ಗೈಡ್ ಓದಿ ಕಂಠಪಾಠ ಮಾಡಿದವರಿಗೆ ‘ಈ ಸಂದರ್ಭದಲ್ಲಿ ಶಿಕ್ಷಕರು ಏನು ಮಾಡಬೇಕು?’ ಎಂಬ ಪ್ರಶ್ನೆಯಲ್ಲಿ ನಾಲ್ಕೂ ಆಯ್ಕೆ ಸರಿ ಎನಿಸುತ್ತವೆ. ತರಗತಿಯಲ್ಲಿ ನಿಂತವರಿಗೆ ಅಷ್ಟು ಗೊಂದಲ ಆಗುವುದಿಲ್ಲ. ಆರರಿಂದ ಹತ್ತರವರೆಗಿನ ಗಣಿತ, ವಿಜ್ಞಾನದ ಪಠ್ಯಪುಸ್ತಕಗಳನ್ನು ರಾತ್ರಿ ಒಂದು ಗಂಟೆ ಓದುತ್ತಾ ಬನ್ನಿ, ಎರಡು ವರ್ಷಕ್ಕೆ ಸಾಕಷ್ಟಾಗುತ್ತದೆ.

ಫೀಸು ಕಟ್ಟುವ ಮುಂಚೆ ಆ ‘ದಿನಾ ಬರಬೇಕು’ ಕಾಲೇಜಿಗೂ ಒಂದು ವಾರದ ದಿನ ಮಧ್ಯಾಹ್ನ ಹೇಳದೆ ಹೋಗಿ. ತರಗತಿ ನಡೆಯುತ್ತಿದೆಯಾ ನೋಡಿ. ಗಣಿತ ಬೋಧನಾ ವಿಧಾನಕ್ಕೆ ಬೇರೆ ಅಧ್ಯಾಪಕರು ಇದ್ದಾರಾ, ಪ್ರಾಕ್ಟೀಸ್ ಟೀಚಿಂಗ್‌ಗೆ ಯಾವ ಶಾಲೆಗಳಿಗೆ ಕಳಿಸುತ್ತಾರೆ, ಪಾಠ ನೋಡಲು ಅಧ್ಯಾಪಕರು ಪೂರ್ತಿ ಪೀರಿಯಡ್ ಕೂರುತ್ತಾರಾ ಅಥವಾ ಬಾಗಿಲಲ್ಲಿ ನಿಂತು ಸಹಿ ಹಾಕಿ ಹೋಗುತ್ತಾರಾ ಎಂದು ಎರಡನೇ ವರ್ಷದವರನ್ನು ಕೇಳಿ. ಕಾಲೇಜಿನ ಎನ್‌ಸಿಟಿಇ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ನೋಡಿಕೊಳ್ಳಿ. ಸೇರಿದ ಮೇಲೆ ಅಲ್ಲಿ ಮೈಕ್ರೋ ಟೀಚಿಂಗ್ ಸರಿಯಾಗಿ ನಡೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಾಲ್ಕೈದು ಜನ ಗೆಳತಿಯರು ಸೇರಿ ಶನಿವಾರ ಮಧ್ಯಾಹ್ನ ಖಾಲಿ ಕೋಣೆಯೊಂದರಲ್ಲಿ ನೀವೇ ಆ 36 ನಿಮಿಷದ ಸುತ್ತು ಮಾಡಿ. ಅದಕ್ಕೆ ಯಾರ ಅನುಮತಿಯೂ ಬೇಡ.

ನಿಮ್ಮ ತಮ್ಮನಿಗೆ ಬೇರೆ ದಾರಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಪದವಿ ಮತ್ತು ಬಿ.ಎಡ್. ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಕಲಿಸುವುದಕ್ಕೆ ಹೆಸರಾದ ಜಾಗ. ಆವರಣದಲ್ಲೇ ಪ್ರಾತ್ಯಕ್ಷಿಕೆ ಶಾಲೆ ಇರುವುದರಿಂದ ಮಕ್ಕಳ ಒಡನಾಟ ಮೊದಲಿಂದಲೇ ಸಿಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2030ರ ಹೊತ್ತಿಗೆ ಶಿಕ್ಷಕರಿಗೆ ಇಂಥ ನಾಲ್ಕು ವರ್ಷದ ಕೋರ್ಸೇ ಕನಿಷ್ಠ ಅರ್ಹತೆ ಆಗಬೇಕು ಎನ್ನುತ್ತದೆ. ಐಟೆಪ್ ಎಂದು ಕರೆಯುವ ಈ ಕೋರ್ಸ್‌ಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಈ ವರ್ಷದ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಈಗಿನಿಂದಲೇ ಗಮನ ಇಡಲು ಅವನಿಗೆ ಹೇಳಿ, ಪಿಯುಸಿ ಫಲಿತಾಂಶ ಬರಲಿ ಎಂದು ಕಾಯುತ್ತಾ ಕೂತರೆ ಕೊನೆಯ ದಿನಾಂಕ ದಾಟಿಹೋಗಿರಬಹುದು.